ಹಿಮ ಬೀಳುವ ನಾಡಿನಲ್ಲಿ ತಾಳೆ ಬಾಳೆಗಳು



ನಮ್ಮ ಶಾಲೆಯಲ್ಲಿ ಕಲಿತು ಹೋದ ಹೆಣ್ಣುಮಕ್ಕಳಲ್ಲಿ ಅನೇಕರು ಈಗ ಇಂಗ್ಲೆಂಡ್, ಸ್ಕಾಟ್ಲೆಂಡ್, ಜರ್ಮನಿ ಮುಂತಾದ ಚಳಿಯ ದೇಶಗಳಲ್ಲಿ ದಾದಿಯರಾಗಿಯೂ ವೈದ್ಯೆಯರಾಗಿಯೂ ಗೃಹಿಣಿಯರಾಗಿಯೂ ನೆಲಸಿರುತ್ತಾರೆ. ಅವರು ಬರೆಯುವ ಕಾಗದಗಳಲ್ಲಿ ಮನೆಮಕ್ಕಳ ಕ್ಷೇಮಸಮಾಚಾರವು ಮುಗಿದ ಮೇಲೆ ಕಡೆಯ ನಾಲ್ಕು ಸಾಲುಗಳು ಬಹಳ ಸಲ ಗಿಡಗಳ ವಿಷಯವಾಗಿರುವವು. ಅಂಗಳದಲ್ಲಿ ಒಂದು ಬಾಳೆಯಾದರೂ ಇರಬಾರದೇ, ತೆಂಗಿನ ಗರಿಯಂಥ ಒಂದು ಗರಿ ಕಿಟಕಿಯ ಹೊರಗೆ ಅಲ್ಲಾಡಬಾರದೇ ಎಂದು ಅವರು ಕೇಳುತ್ತಾರೆ. ಅವರಿಗೆ ಸಸ್ಯಶಾಸ್ತ್ರವನ್ನು ಕಲಿಸಿದವಳು ನಾನಾದದರಿಂದ ಈ ಪ್ರಶ್ನೆಗೆ ಉತ್ತರ ಕೊಡುವ ಹೊಣೆಯೂ ನನ್ನ ಪಾಲಿಗೆ ಬಂದಿದೆ.

ಹೋದ ವರುಷದ ಮಾರ್ಚಿ ತಿಂಗಳಲ್ಲಿ ಇಂಗ್ಲೆಂಡಿನ ನಡುಭಾಗದ ಒಂದು ಪಟ್ಟಣದಲ್ಲಿ ದಾದಿಯಾಗಿರುವ ಪೂರ್ವ ವಿದ್ಯಾರ್ಥಿನಿಯೊಬ್ಬಳ ಕಾಗದ ಬಂತು. ಅವಳು ಆ ದೇಶಕ್ಕೆ ಹೋದ ಮೊದಲನೆಯ ವರುಷ ಮೊಳಕೆಯೊಡೆದ ತೆಂಗಿನ ಸಸಿಯೊಂದನ್ನು ಅಂಗಡಿಯಿಂದ ತಂದು ಕಿಟಕಿಯ ಬಳಿ ಇಟ್ಟಿದ್ದಳು. ಅದು ದಶಂಬರ ಮುಗಿಯುವ ಮುಂಚೆಯೇ ಬಾಡಿಹೋಯಿತು. ಅನಂತರ, ಚಳಿಯನ್ನು ತಾಳುವದೆಂದು ಕೇಳಿ, ಚೂಸಾನ್ ತಾಳೆ ಎಂಬ ಮರದ ಎದೆಮಟ್ಟದ ಸಸಿಯೊಂದನ್ನು ಕೊಂಡು, ಅಕ್ಟೋಬರ ತಿಂಗಳಲ್ಲಿ ಮನೆಯ ಮುಂದಿನ ಜೇಡಿಮಣ್ಣಿನಲ್ಲಿ ನೆಟ್ಟಳು. ಹಿಮದ ಭಯದಿಂದ ಅದನ್ನು ಬುಡದಿಂದ ತುದಿಯ ತನಕ ಪ್ಲಾಸ್ಟಿಕ್ ಹಾಳೆಯಿಂದ ಸುತ್ತಿ ಬಿಗಿದು ನಾಲ್ಕು ತಿಂಗಳು ಹಾಗೆಯೇ ಬಿಟ್ಟಳು. ಮಾರ್ಚಿಯಲ್ಲಿ ಬಿಚ್ಚಿ ನೋಡುವಾಗ ಗರಿಗಳು ಕಂದುಬಣ್ಣಕ್ಕೆ ತಿರುಗಿದ್ದವು. ನಡುವಿನ ಸುಳಿಯನ್ನು ಮೆಲ್ಲನೆ ಹಿಡಿಯಲು ಅದು ಬೆಣ್ಣೆಯಿಂದ ಕೂದಲೆಳೆದಂತೆ ಕೈಗೆ ಬಂತು. ಬುಡದಲ್ಲಿ ಕೊಳೆತ ನಾತವಿತ್ತು. "ಟೀಚರ್, ನಾನು ಪ್ರೀತಿಯಿಂದ ಸುತ್ತಿದ್ದೇ ಅದಕ್ಕೆ ಮುಳುವಾಯಿತೋ? ನಮ್ಮವರು ಕಿತ್ತು ಬಿಸಾಡೋಣ ಎನ್ನುತ್ತಾರೆ. ನಮ್ಮ ಕಡೆಯದೇನೂ ಈ ಮಣ್ಣಿನಲ್ಲಿ ಬೇರೂರಲಾರದೆಂದು ನನಗೂ ತೋರುತ್ತದೆ" ಎಂದು ಬರೆದಿದ್ದಳು.

ನಾನು ಕೂಡಲೇ, "ಕೀಳಬೇಡ, ಬೇಸಿಗೆ ಕಳೆಯುವ ತನಕ ತಾಳು" ಎಂದು ಉತ್ತರ ಬರೆದೆನು. ಹಾಗೆ ಬರೆಯಲು ಕಾರಣವೇನು, ಆ ಗಿಡಕ್ಕೆ ಆದದ್ದೇನು, ಚಳಿನಾಡಿನಲ್ಲಿ ಇಂಥ ಗಿಡಗಳನ್ನು ಬೆಳೆಸತಕ್ಕವರು ಏನು ತಿಳಿದಿರಬೇಕು ಎಂಬದನ್ನು ಎಲ್ಲರ ಉಪಯೋಗಕ್ಕಾಗಿ ಇಲ್ಲಿ ವಿವರಿಸುತ್ತೇನೆ.

ಮರದ ಜೀವವಿರುವ ಸ್ಥಳ

ಮಾವಿನ ಮರದ ತುದಿಯನ್ನು ಕಡಿದರೆ ಪಕ್ಕದಲ್ಲಿ ನಾಲ್ಕು ಕೊಂಬೆಗಳು ಚಿಗುರುವವು. ಯಾಕಂದರೆ ಅದರ ಪ್ರತಿಯೊಂದು ಎಲೆಯ ಕಂಕುಳಲ್ಲಿಯೂ ಒಂದು ಮೊಗ್ಗು ನಿದ್ರಿಸುತ್ತಿರುವದು. ತೆಂಗು, ಅಡಿಕೆ, ಈಚಲು, ಬೈನೆ ಮೊದಲಾದ ತಾಳೆಜಾತಿಯ ಮರಗಳಾದರೋ ಹಾಗಲ್ಲ. ಒಂದು ಕಾಂಡಕ್ಕೆ ಒಂದೇ ಸುಳಿ. ಹೊಸ ಗರಿಗಳೆಲ್ಲವೂ ಅಲ್ಲಿಂದಲೇ ಹುಟ್ಟಬೇಕು. ಆ ಸುಳಿಯು ಸತ್ತರೆ ಕಾಂಡವೂ ಸತ್ತಿತು. ಕುರುವಾಯಿ ದುಂಬಿಯು ಸುಳಿಯನ್ನು ಕೊರೆದಾಗಲೂ ಮಳೆಗಾಲದಲ್ಲಿ ಸುಳಿಕೊಳೆ ರೋಗ ಬಂದಾಗಲೂ ನಮ್ಮ ತೋಟದವರು ಅಷ್ಟು ಕಳವಳಪಡುವದು ಇದೇ ಕಾರಣದಿಂದ. ಬುಡದಲ್ಲಿ ಹಲವು ಕಾಂಡಗಳನ್ನು ಎಬ್ಬಿಸುವ ಕೆಲವು ಜಾತಿಗಳು ಮಾತ್ರ ಒಂದು ಸುಳಿ ಹೋದರೂ ಮತ್ತೊಂದರಿಂದ ಬದುಕುವವು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನಾವು ಸುಳಿಯೆಂದು ಕಣ್ಣಿನಿಂದ ನೋಡುವ ಆ ನೆಟ್ಟಗಿನ ಈಟಿಯಂಥ ಭಾಗವು ಇನ್ನೂ ಬಿಚ್ಚದ ಗರಿಯೇ ಹೊರತು ಬೆಳೆಯುವ ಮೊಗ್ಗಲ್ಲ. ನಿಜವಾದ ಮೊಗ್ಗು ಅದರ ಬುಡದಲ್ಲಿ, ಎಳೆಗರಿಗಳ ಹತ್ತಾರು ಸುತ್ತುಗಳ ಒಳಗೆ, ಮೃದುವಾದ ತಿರುಳಾಗಿ ಅಡಗಿರುವದು. ಆದದರಿಂದ ಎಲೆಗಳೆಲ್ಲಾ ಸುಟ್ಟಂತಾದರೂ ಮರವು ಸತ್ತಿತೆಂದು ಹೇಳಲಾಗದು; ಸುಳಿಗರಿಯು ಕಿತ್ತು ಬಂದರೂ ಮೊಗ್ಗು ಸತ್ತಿದೆಯೆಂದು ನಿಶ್ಚಯಿಸಲಾಗದು.

ಚಳಿಯು ಗಿಡವನ್ನು ಕೊಲ್ಲುವ ಬಗೆ

ಚಳಿಯು ಗಿಡಕ್ಕೆ ಹಾನಿಮಾಡುವ ಬಗೆಗಳು ನಾಲ್ಕು. ಇಲ್ಲಿ ಹೇಳುವ ಡಿಗ್ರಿಗಳೆಲ್ಲಾ ಸೆಂಟಿಗ್ರೇಡ್ ಲೆಕ್ಕದವು; ಶೂನ್ಯವೆಂದರೆ ನೀರು ಗಡ್ಡೆಕಟ್ಟುವ ಮಟ್ಟ.

ಮೊದಲನೆಯದು, ಗಡ್ಡೆಕಟ್ಟುವ ಮುಂಚೆಯೇ ಆಗುವ ಹಾನಿ. ದಶಂಬರದ ಮುಂಜಾನೆ ನಮ್ಮ ಮನೆಗಳಲ್ಲಿ ಕೊಬ್ಬರಿ ಎಣ್ಣೆಯು ಶೀಸೆಯಲ್ಲಿ ಬೆಳ್ಳಗೆ ಗಟ್ಟಿಯಾಗುವದನ್ನೂ ಎಳ್ಳೆಣ್ಣೆಯು ಹಾಗಾಗದೆ ಹರಿಯುವದನ್ನೂ ನೀವು ನೋಡಿದ್ದೀರಿ. ಗಿಡದ ಪ್ರತಿಯೊಂದು ಜೀವಕೋಶದ ಸುತ್ತಲೂ ಎಣ್ಣೆಯಂಥ ದ್ರವ್ಯದ ತೆಳುವಾದ ಪೊರೆಯುಂಟು. ತೆಂಗು, ಬಾಳೆ ಮುಂತಾದ ಉಷ್ಣನಾಡಿನ ಗಿಡಗಳಲ್ಲಿ ಆ ಪೊರೆಯು ಹತ್ತು ಹನ್ನೆರಡು ಡಿಗ್ರಿಯ ಚಳಿಗೇ ಬಿರುಸಾಗಿ ತನ್ನ ಕೆಲಸವನ್ನು ಸರಿಯಾಗಿ ಮಾಡಲಾರದು. ಚಳಿನಾಡಿನ ಗಿಡಗಳ ಪೊರೆಯಾದರೋ ಎಳ್ಳೆಣ್ಣೆಯ ಹಾಗೆ ಇನ್ನೂ ಹೆಚ್ಚಿನ ಚಳಿಯಲ್ಲಿಯೂ ಮೆತ್ತಗೆ ಉಳಿಯುವದು. ತೆಂಗಿನ ಸಸಿಯು ಹಿಮವನ್ನು ಕಾಣದೆ ಕಿಟಕಿಯ ಒಳಗಿದ್ದೇ ಸತ್ತದ್ದು ಹೀಗೆ. ಅದಲ್ಲದೆ ಲಂಡನ್ ಪಟ್ಟಣದಲ್ಲಿ ದಶಂಬರದ ಹಗಲು ಎಂಟು ತಾಸಿಗಿಂತಲೂ ಕಡಿಮೆ. ಬೆಳಕಿನ ಹಸಿವೂ ಅದನ್ನು ಕುಂದಿಸುವದು.

ಎರಡನೆಯದು, ಮಂಜುಗಡ್ಡೆಯ ಹಾನಿ. ನೀರು ಗಡ್ಡೆಕಟ್ಟಿ ಕೋಶಗಳು ಒಡೆಯುವವು ಎಂದು ಅನೇಕರು ತಿಳಿದಿದ್ದಾರೆ. ಸಾಮಾನ್ಯವಾಗಿ ನಡೆಯುವದು ಬೇರೆ. ಗಡ್ಡೆಯು ಮೊದಲು ಕೋಶಗಳ ಹೊರಗಿನ ಸಂದುಗಳಲ್ಲಿ ಕಟ್ಟಿಕೊಂಡು, ಕೋಶಗಳೊಳಗಿನ ನೀರನ್ನು ಹೊರಕ್ಕೆ ಎಳೆಯುವದು. ಉಪ್ಪಿನಲ್ಲಿ ಹಾಕಿದ ಮಾವಿನ ಮಿಡಿಯು ನೀರು ಬಿಟ್ಟು ಸುರುಟುವ ಹಾಗೆಯೇ ಕೋಶವೂ ಸುರುಟುವದು. ಚಳಿಯನ್ನು ತಾಳುವ ಗಿಡವು ಈ ಬತ್ತುವಿಕೆಯನ್ನು ಸ್ವಲ್ಪ ಮಟ್ಟಿಗೆ ಸಹಿಸಿ, ಬಿಸಿಲು ಬಂದಾಗ ನೀರನ್ನು ಮರಳಿ ಹೀರುವದು. ತಾಳದ ಗಿಡವು ಸಾಯುವದು. ಶರತ್ಕಾಲದಲ್ಲಿ ಚಳಿಯು ದಿನದಿನಕ್ಕೆ ಮೆಲ್ಲನೆ ಹೆಚ್ಚಿದರೆ ಗಿಡವು ತನ್ನ ರಸದಲ್ಲಿ ಸಕ್ಕರೆಯನ್ನು ಕೂಡಿಸಿಕೊಂಡು, ಪೊರೆಗಳನ್ನು ಮಾರ್ಪಡಿಸಿಕೊಂಡು ಗಟ್ಟಿಗೊಳ್ಳುವದು. ಈ ಸಿದ್ಧತೆಗೆ ಕೆಲವು ವಾರಗಳು ಬೇಕು. ಬೆಚ್ಚಗಿನ ಗಾಜಿನ ಮನೆಯಲ್ಲಿ ಬೆಳೆದ ಸಸಿಯನ್ನು ನೇರವಾಗಿ ಚಳಿಗೆ ಇಟ್ಟರೆ, ಒಳ್ಳೆಯ ಜಾತಿಯದಾದರೂ ಅದು ಬದುಕುವದು ಕಷ್ಟ.

ಮೂರನೆಯದು, ಬಾಯಾರಿಕೆ. ನೆಲವು ಗಡ್ಡೆಕಟ್ಟಿದಾಗ ಬೇರುಗಳಿಗೆ ನೀರು ಸಿಕ್ಕುವದಿಲ್ಲ. ಆದರೆ ಒಣಗಾಳಿಯೂ ಬಿಸಿಲೂ ಗರಿಗಳಿಂದ ನೀರನ್ನು ಹೀರುತ್ತಲೇ ಇರುವವು. ಹಿಮದ ನಡುವೆ ಗಿಡವು ನೀರಿಲ್ಲದೆ ಒಣಗುವದು.

ನಾಲ್ಕನೆಯದು, ಥಂಡಿಯೊಡನೆ ಕೂಡಿದ ತೇವ. ಇಂಗ್ಲೆಂಡಿನ ಚಳಿಗಾಲದ ದೊಡ್ಡ ಶತ್ರು ಇದೇ. ಸುಳಿಯೊಳಗೆ ಮಳೆಯ ನೀರು ನಿಂತು, ಹೆಪ್ಪುಗಟ್ಟಿ, ಕರಗಿ, ಪುನಃ ಹೆಪ್ಪುಗಟ್ಟಿ ಎಳೆಗರಿಯ ಬುಡವನ್ನು ಗಾಯಗೊಳಿಸುವದು. ಆ ಗಾಯದಲ್ಲಿ ಬೂಷ್ಟೂ ಸೂಕ್ಷ್ಮ ರೋಗಾಣುಗಳೂ ಹೊಕ್ಕು ಕೊಳೆಯನ್ನು ಉಂಟುಮಾಡುವವು. ಒಣಚಳಿಯಲ್ಲಿ ಹತ್ತು ಡಿಗ್ರಿ ಕೆಳಗನ್ನು ತಾಳಿದ ಗಿಡವು ತೇವದಲ್ಲಿ ಐದು ಡಿಗ್ರಿ ಕೆಳಗನ್ನು ತಾಳದೆ ಹೋಗಬಹುದು.

ಯಾವ ಮರವನ್ನು ಆರಿಸಬೇಕು

ತೆಂಗನ್ನೂ ಅಡಿಕೆಯನ್ನೂ ಹಿಮದ ನಾಡಿನ ಬಯಲಿನಲ್ಲಿ ಬೆಳೆಸುವ ಆಶೆಯನ್ನು ಮೊದಲೇ ಬಿಡಿರಿ. ಎಷ್ಟು ಆರೈಕೆ ಮಾಡಿದರೂ ಅವುಗಳ ಹುಟ್ಟುಗುಣವು ಬದಲಾಗದು. ಲಂಡನಿನ ಕ್ಯೂ ಉದ್ಯಾನದವರು ಉಷ್ಣನಾಡಿನ ತಾಳೆಗಳಿಗಾಗಿ ೧೮೪೪ರಿಂದ ೧೮೪೮ರ ವರೆಗೆ ಕಬ್ಬಿಣ ಮತ್ತು ಗಾಜಿನ ಮಹಾಭವನವೊಂದನ್ನು ಕಟ್ಟಿ, ಕಲ್ಲಿದ್ದಲಿನ ಬೆಂಕಿಯಿಂದ ಅದನ್ನು ಬೆಚ್ಚಗಿಡಬೇಕಾಯಿತು. ಆ ಖರ್ಚು ನಮ್ಮಂಥವರಿಗೆ ಸಾಧ್ಯವೇ?

ಆದರೆ ಆ ಭವನವು ಮುಗಿದ ಮರುವರುಷವೇ, ಅಂದರೆ ೧೮೪೯ರಲ್ಲಿ, ರಾಬರ್ಟ್ ಫಾರ್ಚೂನ್ ಎಂಬ ಸ್ಕಾಟ್ಲೆಂಡಿನ ಸಸ್ಯಸಂಗ್ರಾಹಕನು ಚೀನದೇಶದಿಂದ ಕಳುಹಿಸಿದ ಒಂದು ತಾಳೆಯು ಗಾಜಿನ ಹಂಗಿಲ್ಲದೆ ಇಂಗ್ಲೆಂಡಿನ ಬಯಲಿನಲ್ಲಿ ಬದುಕಿತು. ಅದೇ ಚೂಸಾನ್ ತಾಳೆ. ಚೀನದ ಪೂರ್ವ ಕರಾವಳಿಯ ಚೂಸಾನ್ ದ್ವೀಪದಲ್ಲಿ ಫಾರ್ಚೂನನು ಅದನ್ನು ಕಂಡದ್ದರಿಂದ ಆ ಹೆಸರು ಬಂತು. ಅದರ ಎಲೆಯು ನಮ್ಮ ತಾಳೆಯ ಎಲೆಯಂತೆ ಬೀಸಣಿಗೆಯಾಕಾರ. ಕಾಂಡದ ಸುತ್ತಲೂ ತೆಂಗಿನ ನಾರಿನಂಥ ಕಂದುಬಣ್ಣದ ಹೊದಿಕೆ. ಚೀನದ ರೈತರು ಆ ನಾರಿನಿಂದ ಹಗ್ಗಗಳನ್ನು ಹೊಸೆಯುತ್ತಿದ್ದರು. ನಮ್ಮ ಗೊರಬಿನ ಹಾಗೆ ಮಳೆಗೆ ಹೊದೆಯುವ ಉಡುಪನ್ನೂ ಮಾಡುತ್ತಿದ್ದರು. ಚೆನ್ನಾಗಿ ಬೇರೂರಿದ ಚೂಸಾನ್ ತಾಳೆಯು ಶೂನ್ಯಕ್ಕಿಂತ ಸುಮಾರು ೧೫ ಡಿಗ್ರಿ ಕೆಳಗಿನ ಚಳಿಯನ್ನು ಸ್ವಲ್ಪ ಕಾಲ ತಾಳುವದು. ಮೊದಲನೆಯ ಸಲ ನೆಡುವವರು ಇದನ್ನೇ ಆರಿಸುವದು ಒಳ್ಳೆಯದು.

ಇದರ ಹತ್ತಿರದ ಬಂಧುವೊಂದು ನಮ್ಮ ದೇಶದಲ್ಲಿಯೇ ಉಂಟೆಂಬದು ಅನೇಕರಿಗೆ ತಿಳಿಯದು. ಹಿಮಾಲಯದ ಕುಮಾಊಂ ಸೀಮೆಯಲ್ಲಿ ಎರಡು ಸಾವಿರ ಮೀಟರ್ ಎತ್ತರದ ಆಸುಪಾಸಿನಲ್ಲಿ, ಚಳಿಗಾಲದಲ್ಲಿ ಹಿಮ ಬೀಳುವ ಕಾಡುಗಳಲ್ಲಿ, ಅದು ತಾನಾಗಿ ಬೆಳೆಯುವದು. ಇಟಲಿಯ ಸಸ್ಯಶಾಸ್ತ್ರಜ್ಞನಾದ ಬೆಕ್ಕಾರಿಯು ೧೯೦೫ರಲ್ಲಿ ಅದನ್ನು ವರ್ಣಿಸಿ, ಅಲ್ಲಿಯ ಬೆಟ್ಟದ ಹೆಸರಿನಿಂದ ಟಾಕಿಲ್ ಎಂದು ಕರೆದನು. ಭಾರತದ ತಾಳೆಯೆಂದರೆ ಬಿಸಿಲಿನ ಮರವೇ ಎಂಬ ನಮ್ಮ ಎಣಿಕೆಯು ಪೂರ್ತಿ ಸರಿಯಲ್ಲವೆಂದು ಇದರಿಂದ ಕಂಡುಬರುವದು.

ಇನ್ನೂ ಹೆಚ್ಚಿನ ಚಳಿಯಿರುವ ಸ್ಥಳಗಳಿಗೆ ಅಮೇರಿಕದ ಆಗ್ನೇಯ ಸಂಸ್ಥಾನಗಳ ಎರಡು ಗಿಡ್ಡ ತಾಳೆಗಳು ತಕ್ಕವು. ಒಂದು ಸೂಜಿ ತಾಳೆ. ಕಾಂಡದ ಮೇಲೆ ಉದ್ದವಾದ ಮುಳ್ಳುಗಳಿರುವದರಿಂದ ಈ ಹೆಸರು. ಇದು ಶೂನ್ಯಕ್ಕಿಂತ ೨೦ ಡಿಗ್ರಿ ಕೆಳಗನ್ನೂ ತಾಳುವದುಂಟು. ಮತ್ತೊಂದು ಗಿಡ್ಡ ಸಬಾಲ್ ತಾಳೆ. ಇದರ ಕಾಂಡವು ಬಹುಮಟ್ಟಿಗೆ ನೆಲದೊಳಗೇ ಇರುವದು. ಇವು ಇಷ್ಟು ಗಟ್ಟಿಯಾಗಿರಲು ಒಂದು ಕಾರಣವೇನಂದರೆ, ಇವುಗಳ ಸುಳಿಯು ಗಾಳಿಯಲ್ಲಿ ಎತ್ತರವಾಗಿ ನಿಲ್ಲದೆ ನೆಲದ ಬೆಚ್ಚಗಿನ ಮಡಿಲಿನಲ್ಲಿ ಅಡಗಿರುವದು. ಆದರೆ ಇವಕ್ಕೆ ಬಿಸಿಲಿನ ಬೇಸಿಗೆಯೂ ಬೇಕು. ಇಂಗ್ಲೆಂಡಿನ ತಂಪಾದ ಬೇಸಿಗೆಯಲ್ಲಿ ಬಹಳ ಮೆಲ್ಲನೆ ಬೆಳೆಯುವವು.

ಮೆಡಿಟರೇನಿಯನ್ ಕರಾವಳಿಯ ಗಿಡ್ಡ ಬೀಸಣಿಗೆ ತಾಳೆಯು ಸುಮಾರು ೧೦ ಡಿಗ್ರಿ ಕೆಳಗಿನ ವರೆಗೆ ಬಾಳುವದು. ಬುಡದಲ್ಲಿ ಹಲವು ಕಾಂಡಗಳಿರುವದು ಇದರ ಹೆಚ್ಚಿನ ಗುಣ. ನಮ್ಮ ಈಚಲಿನ ಬಂಧುವಾದ ಕೆನೇರಿ ದ್ವೀಪದ ಈಚಲು ನೋಡಲಿಕ್ಕೆ ಬಹಳ ಅಂದ. ಆದರೆ ಆರೇಳು ಡಿಗ್ರಿ ಕೆಳಗಿಳಿದರೆ ಅದಕ್ಕೆ ಅಪಾಯ. ಸಮುದ್ರದ ಬಳಿಯಲ್ಲಿರುವವರು ಮಾತ್ರ ಅದನ್ನು ನೆಡಬಹುದು.

ನೆಡುವ ಸ್ಥಳ ಮತ್ತು ಕಾಲ

ಸ್ಕಾಟ್ಲೆಂಡಿನ ವಾಯವ್ಯ ತೀರದಲ್ಲಿ, ಭೂಮಧ್ಯರೇಖೆಯಿಂದ ೫೭ ಡಿಗ್ರಿಗೂ ಹೆಚ್ಚು ಉತ್ತರದಲ್ಲಿ, ಇನ್‌ವರ್ಯೂ ಎಂಬ ತೋಟವಿದೆ. ಆಸ್‌ಗುಡ್ ಮೆಕೆಂಜಿ ಎಂಬವನು ೧೮೬೨ರಲ್ಲಿ ಅದನ್ನು ಆರಂಭಿಸುವಾಗ ಅಲ್ಲಿ ಕಡಲಗಾಳಿಗೆ ಒಡ್ಡಿದ ಬಂಡೆಯ ಹೊರತು ಬೇರೇನೂ ಇರಲಿಲ್ಲವೆನ್ನಬಹುದು. ಅವನು ಕೋಮಲವಾದ ಗಿಡಗಳಿಗೆ ಕೈಹಾಕದೆ, ಮೊದಲು ಗಾಳಿಯನ್ನು ತಡೆಯುವ ಗಟ್ಟಿ ಮರಗಳನ್ನು ಸುತ್ತಲೂ ನೆಟ್ಟು, ಅವು ಬೆಳೆಯುವ ತನಕ ಅನೇಕ ವರುಷ ಕಾದನು. ಆ ಕರಾವಳಿಗೆ ಅಟ್ಲಾಂಟಿಕ್ ಸಾಗರದ ಬೆಚ್ಚಗಿನ ಪ್ರವಾಹದ ಉಪಕಾರವೂ ಉಂಟು. ಈಗ ಅಲ್ಲಿ ಮರದಂತೆ ಬೆಳೆಯುವ ಜರಿಗಿಡಗಳೂ ದಕ್ಷಿಣ ಗೋಲಾರ್ಧದ ಅನೇಕ ಸಸ್ಯಗಳೂ ಬಾಳುತ್ತಿವೆ. ಗಿಡಕ್ಕಿಂತ ಮುಂಚೆ ಮರೆಯನ್ನು ಸಿದ್ಧಮಾಡಬೇಕೆಂಬದು ಇದರಿಂದ ಕಲಿಯತಕ್ಕ ಪಾಠ.

ಆದರೂ ಒಳ್ಳೆಯ ಸ್ಥಳವೆಂದು ಮೈಮರೆಯಬಾರದು. ಇಂಗ್ಲೆಂಡಿನ ನೈಋತ್ಯ ತುದಿಯಾಚೆಗಿನ ಸಿಲ್ಲಿ ದ್ವೀಪಗಳಲ್ಲಿ ೧೮೩೪ರಿಂದ ಬೆಳೆದುಬಂದ ಟ್ರೆಸ್ಕೋ ತೋಟಕ್ಕೆ ಹಿಮವೆಂಬದು ಅಪರೂಪ. ಹೀಗಿದ್ದರೂ ೧೯೮೭ರ ಜನವರಿಯ ಒಂದು ಹಿಮಪಾತದಲ್ಲಿ ಅಲ್ಲಿಯ ಗಿಡಗಳಲ್ಲಿ ಬಹುಭಾಗವು ನಾಶವಾಯಿತು; ತೋಟವನ್ನು ಪುನಃ ನೆಡಬೇಕಾಯಿತು. ೨೦೧೦ರ ದಶಂಬರವು ಬ್ರಿಟನ್ನಿನಲ್ಲಿ ನೂರು ವರುಷಗಳಲ್ಲಿಯೇ ಅತ್ಯಂತ ಚಳಿಯ ದಶಂಬರವಾಗಿತ್ತು. ತಾಳೆಯಂತೆ ತೋರುವ ನ್ಯೂಜಿಲೆಂಡಿನ ಕಾರ್ಡಿಲೈನ್ ಮರಗಳು ಊರೂರುಗಳಲ್ಲಿ ಸತ್ತವು; ಅವುಗಳಲ್ಲಿ ಹಲವು ಮುಂದಿನ ಬೇಸಿಗೆಯಲ್ಲಿ ಬುಡದಿಂದ ಚಿಗುರಿದವು. ಹತ್ತು ವರುಷದ ಸೌಮ್ಯ ಚಳಿಯನ್ನು ನೋಡಿ ಹನ್ನೊಂದನೆಯದನ್ನು ನಂಬಬೇಡಿರಿ.

ಮನೆಯ ತೋಟದಲ್ಲಿ ದಕ್ಷಿಣಕ್ಕೆ ಮುಖಮಾಡಿದ ಗೋಡೆಯ ಬಳಿಯೇ ಉತ್ತಮ ಸ್ಥಳ. ಯಾಕಂದರೆ ಆ ನಾಡುಗಳಲ್ಲಿ ಚಳಿಗಾಲದ ಸೂರ್ಯನು ದಕ್ಷಿಣದಲ್ಲಿ ತಗ್ಗಾಗಿ ಸಾಗುವನು. ಬೇಸಿಗೆಯ ಸಂಜೆ ನಮ್ಮ ಮುರಕಲ್ಲಿನ ಗೋಡೆಗೆ ಕೈಯಿಟ್ಟರೆ ಬಿಸಿ ತಾಗುವಂತೆಯೇ, ಹಗಲಿನ ಬಿಸಿಲನ್ನು ಹೀರಿದ ಇಟ್ಟಿಗೆಯ ಗೋಡೆಯು ರಾತ್ರಿ ಆ ಬಿಸಿಯನ್ನು ಮೆಲ್ಲನೆ ಬಿಟ್ಟುಕೊಡುವದು. ತಗ್ಗಿನ ಸ್ಥಳದಲ್ಲಿ ನೆಡಬಾರದು; ತಣ್ಣಗಿನ ಗಾಳಿಯು ಭಾರವಾಗಿರುವದರಿಂದ ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುವದು.

ನೀರು ಬಸಿದುಹೋಗುವ ಮಣ್ಣು ಅವಶ್ಯ. ಜೇಡಿಮಣ್ಣಾದರೆ ಒಂದಿಷ್ಟು ಅಗಲವಾಗಿ ಅಗೆದು, ಗೊಬ್ಬರವನ್ನೂ ಸಣ್ಣ ಜಲ್ಲಿಯನ್ನೂ ಬೆರಸಿ, ನೆಲಮಟ್ಟಕ್ಕಿಂತ ಸ್ವಲ್ಪ ಎತ್ತರದ ದಿಬ್ಬದ ಮೇಲೆ ನೆಡತಕ್ಕದ್ದು. ಬರೇ ಗುಂಡಿಯನ್ನು ತೋಡಿ ಮೆತ್ತಗಿನ ಮಣ್ಣು ತುಂಬಿದರೆ ಸುತ್ತಲಿನ ಜೇಡಿಯ ನೀರೆಲ್ಲಾ ಅದರೊಳಗೆ ಬಂದು ನಿಲ್ಲುವದು.

ನೆಡುವ ಕಾಲವು ಮೇ ತಿಂಗಳ ಕಡೆ ಅಥವಾ ಜೂನ್. ಆಗ ಗಿಡಕ್ಕೆ ಒಂದು ಬೇಸಿಗೆ ಪೂರ್ತಿ ಬೇರು ಬಿಡಲು ಸಿಕ್ಕುವದು. ಬೇಸಿಗೆಯಲ್ಲಿ ಧಾರಾಳವಾಗಿ ನೀರು ಹಾಕಿರಿ. ಗೊಬ್ಬರವನ್ನು ಮಾತ್ರ ಆಗಸ್ಟ್ ತಿಂಗಳಿಗೆ ನಿಲ್ಲಿಸಿರಿ. ತಡವಾಗಿ ಗೊಬ್ಬರ ಹಾಕಿದರೆ ಹುಟ್ಟುವ ಎಳೆ ಬೆಳವಣಿಗೆಯು ಹಿಮಕ್ಕೆ ಮೊದಲ ತುತ್ತಾಗುವದು.

ಚಳಿಗಾಲದ ಆರೈಕೆ

ಆರೈಕೆಯೆಂದರೆ ಗಿಡವನ್ನು ಪೂರ್ತಿಯಾಗಿ ಮುಚ್ಚುವದಲ್ಲ. ಬೇರನ್ನು ಬೆಚ್ಚಗಿಡುವದು, ಸುಳಿಯನ್ನು ಒಣಗಿಡುವದು, ಇವೆರಡೇ ಮುಖ್ಯ.

ನವಂಬರದಲ್ಲಿ ಬುಡದ ಸುತ್ತಲೂ ತರಗೆಲೆ, ಮರದ ತೊಗಟೆಯ ಚೂರು ಅಥವಾ ಬೈಹುಲ್ಲನ್ನು ಒಂದು ಗೇಣಿನಷ್ಟು ದಪ್ಪವಾಗಿ ಹರವಿರಿ. ಗರಿಗಳನ್ನು ಮೇಲಕ್ಕೆ ಕೂಡಿಸಿ, ಹೆಣ್ಣುಮಕ್ಕಳ ಕೂದಲನ್ನು ಕಟ್ಟುವ ಹಾಗೆ ಬಿಗಿಮಾಡದೆ ಕಟ್ಟಿರಿ. ಇದರಿಂದ ಸುಳಿಗೆ ಮರೆಯಾಗುವದು, ಹಿಮದ ಭಾರದಿಂದ ಗರಿಗಳು ಮುರಿಯುವದೂ ತಪ್ಪುವದು. ಸುಳಿಯ ಮೇಲೆ ಮಳೆ ಬೀಳದಂತೆ ಒಂದು ಸಣ್ಣ ಮಾಡನ್ನು ಕಟ್ಟಿದರೆ ಇನ್ನೂ ಒಳ್ಳೆಯದು. ನಾಲ್ಕು ಗೂಟಗಳ ಮೇಲೆ ಒಂದು ಹಲಿಗೆ ಸಾಕು, ಬದಿಗಳು ತೆರೆದಿರಬೇಕು.

ಕಠಿಣವಾದ ಹಿಮದ ರಾತ್ರಿಗಳು ಬರುವವೆಂದು ಹವಾಮಾನದ ವರದಿಯಿಂದ ತಿಳಿದರೆ ಮಾತ್ರ ಗೋಣಿಬಟ್ಟೆಯನ್ನಾಗಲಿ, ಅಲ್ಲಿ ಫ್ಲೀಸ್ ಎಂದು ಮಾರುವ ಹಗುರವಾದ ಬಿಳಿ ಬಟ್ಟೆಯನ್ನಾಗಲಿ ಸುತ್ತಿರಿ. ಚಳಿಯು ಕಡಿಮೆಯಾದ ಕೂಡಲೇ ಬಿಚ್ಚಿರಿ. ಪ್ಲಾಸ್ಟಿಕ್ ಹಾಳೆಯಿಂದ ಬಿಗಿದರೆ ಗಿಡದ ಉಸಿರಿನ ತೇವವೇ ಒಳಗೆ ಹನಿಯಾಗಿ ಸುಳಿಗೆ ಇಳಿಯುವದು. ಬಿಸಿಲಿನ ಹಗಲಿನಲ್ಲಿ ಒಳಗೆ ಬೆಚ್ಚಗಾಗಿ ರಾತ್ರಿ ಮತ್ತೆ ತಣ್ಣಗಾಗುವದರಿಂದ ಕೊಳೆಗೆ ಅದಕ್ಕಿಂತ ಅನುಕೂಲವಾದ ಸ್ಥಳವಿಲ್ಲ. ಕೆಲವರು ಕ್ರಿಸ್ಮಸ್ ಹಬ್ಬಕ್ಕೆ ಕಟ್ಟುವ ಸಣ್ಣ ದೀಪಗಳ ಮಾಲೆಯನ್ನು ಬಟ್ಟೆಯೊಳಗೆ ಸುಳಿಯ ಸುತ್ತಲೂ ಸುತ್ತಿ, ಅತಿ ಚಳಿಯ ರಾತ್ರಿ ಹಚ್ಚುವದುಂಟು. ಹಳೆಯ ತರದ ತಂತಿಯ ದೀಪಗಳಿಂದ ಮಾತ್ರ ಈ ಉಪಯೋಗ. ಈಗಿನ ಎಲ್‌ಇಡಿ ದೀಪಗಳಲ್ಲಿ ಬಿಸಿಯು ಬಹಳ ಕಡಿಮೆ.

ಬಾಳೆ, ಹೂಬಾಳೆ, ಕೆಸು

ಬಾಳೆಯ ವಿಷಯವು ಬೇರೆ. ನಾವು ಬಾಳೆಯ ಕಾಂಡವೆನ್ನುವದು ಒಂದರೊಳಗೊಂದು ಸೇರಿದ ಎಲೆಯ ಬುಡಗಳೇ. ಗೊನೆಹಾಕುವ ಕಾಲದ ವರೆಗೆ ಅದರ ಮೊಗ್ಗು ಗಡ್ಡೆಯಲ್ಲಿ, ನೆಲದ ಮಟ್ಟದಲ್ಲಿಯೇ ಇರುವದು. ಆದದರಿಂದ ಮೇಲಿನದೆಲ್ಲಾ ಹಿಮದಿಂದ ಕಪ್ಪಾದರೂ ಗಡ್ಡೆಯನ್ನು ಕಾಪಾಡಿದರೆ ಕಂದುಗಳು ಏಳುವವು. ಇದಕ್ಕೆ ತಕ್ಕ ಜಾತಿಯು ಜಪಾನಿನ ಬಾಳೆಯೆಂದು ಹೆಸರಾದರೂ ಚೀನದಲ್ಲಿ ಹುಟ್ಟಿದ ಬಾಸ್ಜೂ ಬಾಳೆ. ನಮ್ಮ ಸಿಕ್ಕಿಮ್ ಕಡೆಯ ಕಾಡುಬಾಳೆಯನ್ನೂ ಕೆಲವರು ಬೆಳೆಸುತ್ತಾರೆ. ಹಣ್ಣಿನ ಆಶೆಯಿಂದ ಇವನ್ನು ನೆಡಬೇಡಿರಿ. ಇವು ಎಲೆಯ ಅಂದಕ್ಕೆ ಮಾತ್ರ.

ಮೊದಲ ಹಿಮವು ಎಲೆಗಳನ್ನು ಕಪ್ಪುಮಾಡಿದ ಕೂಡಲೇ ಎಲೆಗಳನ್ನು ಕತ್ತರಿಸಿ, ಎದೆಯೆತ್ತರದ ಕಾಂಡವನ್ನು ಉಳಿಸಿ, ಸುತ್ತಲೂ ತಂತಿಬಲೆಯ ಗೂಡನ್ನು ನಿಲ್ಲಿಸಿ, ಒಣ ಬೈಹುಲ್ಲನ್ನು ತುಂಬಿ, ಮೇಲೆ ಮಳೆ ಬೀಳದಂತೆ ಹಲಿಗೆಯನ್ನಿಡಬೇಕು. ಕಾಂಡವು ಉಳಿದರೆ ಮುಂದಿನ ಬೇಸಿಗೆಯಲ್ಲಿ ಗಿಡವು ಹೆಚ್ಚು ಎತ್ತರವಾಗುವದು. ಅಷ್ಟು ಶ್ರಮ ಬೇಡವೆನ್ನುವವರು ಬುಡದ ಮೇಲೆ ಮೊಣಕಾಲುದ್ದ ತರಗೆಲೆಯನ್ನು ರಾಶಿಹಾಕಿದರೂ ಗಡ್ಡೆಯು ಸಾಮಾನ್ಯವಾಗಿ ಬದುಕುವದು.

ಹೂಬಾಳೆಯನ್ನೂ ಕೆಸುವನ್ನೂ ಎಲೆ ಕಪ್ಪಾದ ಮೇಲೆ ಅಗೆದು ತೆಗೆದು, ಸ್ವಲ್ಪವೇ ತೇವವಿರುವ ಮರಳಿನಲ್ಲಿ ಹಿಮ ತಾಗದ ಕೋಣೆಯಲ್ಲಿಟ್ಟು, ಮೇ ತಿಂಗಳ ಕಡೆಗೆ ಮತ್ತೆ ನೆಡಬಹುದು. ನಮ್ಮ ಹಿತ್ತಿಲಿನ ಹರಳಿನ ಗಿಡವನ್ನು ಅಲ್ಲಿ ಪ್ರತಿ ವಸಂತದಲ್ಲಿಯೂ ಬೀಜದಿಂದ ಎಬ್ಬಿಸಿ, ಒಂದು ಬೇಸಿಗೆಯ ಅಲಂಕಾರಕ್ಕಾಗಿ ಬೆಳೆಸುತ್ತಾರೆ; ಅದರ ಬೀಜವು ವಿಷವಾದದರಿಂದ ಮಕ್ಕಳಿರುವ ಮನೆಯವರು ಎಚ್ಚರವಾಗಿರಬೇಕು. ಸಸೆಕ್ಸ್ ಸೀಮೆಯ ಗ್ರೇಟ್ ಡಿಕ್ಸ್‌ಟರ್ ತೋಟದಲ್ಲಿ ಕ್ರಿಸ್ಟೋಫರ್ ಲಾಯ್ಡ್ ಎಂಬ ಪ್ರಸಿದ್ಧ ತೋಟಗಾರನು ೧೯೯೩ರಲ್ಲಿ ಹಳೆಯ ಗುಲಾಬಿತೋಟವನ್ನು ಕೀಳಿಸಿ, ಇಂಥ ಬಾಳೆ ಹೂಬಾಳೆಗಳ ತೋಟವನ್ನು ಮಾಡಿದಾಗ ಜನರು ಬೆರಗಾದರು. ಈಗ ಅದನ್ನು ನೋಡಲಿಕ್ಕೆಂದೇ ಜನರು ಬರುತ್ತಾರೆ.

ಸುಳಿಯು ಕೈಗೆ ಬಂದಾಗ

ಇಷ್ಟೆಲ್ಲಾ ಮಾಡಿದರೂ ಅಥವಾ ತಿಳಿಯದೆ ತಪ್ಪಿದರೂ ಸುಳಿಗರಿಯು ಕಿತ್ತು ಬಂದರೆ ಏನು ಮಾಡಬೇಕು? ಮೊದಲು ಕೊಳೆತದ್ದನ್ನು ಪೂರ್ತಿಯಾಗಿ ತೆಗೆದುಹಾಕಿರಿ. ಸುಳಿಯ ಕುಳಿಯಲ್ಲಿರುವ ನೀರನ್ನು ಬಟ್ಟೆಯಿಂದ ಒರಸಿ ಒಣಗಿಸಿರಿ. ಮೇಲೆ ಮಳೆ ಬೀಳದಂತೆ ಮಾಡನ್ನು ಕಟ್ಟಿರಿ. ಗಾಳಿ ಬೆಳಕುಗಳನ್ನು ತಡೆಯಬೇಡಿರಿ. ಹಸುರಾಗಿ ಉಳಿದ ಗರಿಗಳನ್ನು ಕತ್ತರಿಸಬೇಡಿರಿ, ಅರ್ಧ ಒಣಗಿದವನ್ನೂ ಬಿಡಿರಿ. ಗಿಡದ ಆಹಾರವು ಸಿದ್ಧವಾಗುವದು ಅವುಗಳಲ್ಲಿಯೇ. ಹೊಸ ಬೆಳವಣಿಗೆಯು ಕಾಣುವ ತನಕ ಗೊಬ್ಬರ ಹಾಕಬೇಡಿರಿ. ಒಳಗಿನ ಮೊಗ್ಗು ಬದುಕಿದ್ದರೆ ಅದು ಬೇಸಿಗೆಯ ಬಿಸಿಯಲ್ಲಿ ಹೊಸ ಗರಿಯನ್ನು ಮೇಲಕ್ಕೆ ನೂಕುವದು. ಅದಕ್ಕೆ ಮೂರು ನಾಲ್ಕು ತಿಂಗಳುಗಳೂ ಹಿಡಿಯುವವು. ಮೊದಲು ಬರುವ ಗರಿಯು ಗಾಯಗೊಂಡದ್ದಾಗಿ, ತುದಿ ಕತ್ತರಿಸಿದಂತೆ ಕುರೂಪವಾಗಿರುವದು. ಅದನ್ನು ನೋಡಿ ನಿರಾಶೆಗೊಳ್ಳಬಾರದು. ಮೊಗ್ಗು ಸತ್ತಿಲ್ಲವೆಂಬದಕ್ಕೆ ಅದೇ ಸಾಕ್ಷಿ. ಬೇಸಿಗೆ ಕಳೆದರೂ ಏನೂ ಬಾರದಿದ್ದರೆ ಮಾತ್ರ ಗಿಡವನ್ನು ಕೀಳಬಹುದು.

ಒಂದು ಎಚ್ಚರಿಕೆ

ಗಿಡವು ಬದುಕದಿರುವದು ಒಂದು ಕಷ್ಟವಾದರೆ, ಮಿತಿಮೀರಿ ಬದುಕುವದು ಇನ್ನೊಂದು. ಬಾಸೆಲ್ ಪಟ್ಟಣದ ದೆಸೆಯಿಂದ ಸ್ವಿಟ್ಜರ್ಲೆಂಡಿನ ಹೆಸರು ನಮ್ಮ ಕರಾವಳಿಯವರಿಗೆ ಹೊಸದಲ್ಲ. ಆ ದೇಶದ ದಕ್ಷಿಣ ಭಾಗದ ಟಿಚೀನೋ ಸೀಮೆಯಲ್ಲಿ ಅಂದಕ್ಕೆಂದು ತೋಟಗಳಲ್ಲಿ ನೆಟ್ಟ ಚೂಸಾನ್ ತಾಳೆಯ ಹಣ್ಣುಗಳನ್ನು ಹಕ್ಕಿಗಳು ಒಯ್ದು ಕಾಡುಗಳಲ್ಲಿ ಬೀಳಿಸಿದವು. ಚಳಿಗಾಲಗಳು ಸೌಮ್ಯವಾಗುತ್ತ ಬಂದ ಹಾಗೆ ಆ ಸಸಿಗಳು ಬದುಕಿ, ಅಲ್ಲಿಯ ಸ್ವಂತ ಗಿಡಗಳಿಗೆ ಎಡೆಯಿಲ್ಲದಂತೆ ಹಬ್ಬಿದವು. ಆದಕಾರಣ ೨೦೨೪ರ ಸಪ್ಟಂಬರ ಒಂದರಿಂದ ಆ ದೇಶದಲ್ಲಿ ಈ ಮರವನ್ನು ಮಾರುವದು ನಿಷಿದ್ಧವಾಗಿದೆ. ಈ ತಾಳೆಯಲ್ಲಿ ಗಂಡು ಹೆಣ್ಣು ಮರಗಳು ಬೇರೆಬೇರೆ; ಬೆಚ್ಚಗಿನ ಸೀಮೆಗಳಲ್ಲಿರುವವರು ಹೂಗೊಂಚಲುಗಳನ್ನು ಕಾಯಿಕಟ್ಟುವ ಮುಂಚೆ ಕತ್ತರಿಸುವದು ನೆರೆಯವರಿಗೂ ಕಾಡಿಗೂ ಮಾಡುವ ಉಪಕಾರ. ಯಾವದನ್ನೂ ನೆಡುವ ಮೊದಲು ಆಯಾ ದೇಶದ ಕಾನೂನನ್ನು ವಿಚಾರಿಸಿರಿ. ಊರಿನಿಂದ ಗಡ್ಡೆಯನ್ನಾಗಲಿ ಸಸಿಯನ್ನಾಗಲಿ ಪೆಟ್ಟಿಗೆಯಲ್ಲಿ ಅಡಗಿಸಿ ಒಯ್ಯಲೇಬೇಡಿರಿ. ಅದರೊಡನೆ ರೋಗವೂ ಹೋಗುವದು.

ಇನ್ನು ಆ ದಾದಿಯ ಗಿಡದ ಸಂಗತಿ. ಅವಳು ಹೊದಿಕೆಯನ್ನು ಬಿಸಾಡಿ, ಸುಳಿಯನ್ನು ಒಣಗಿಸಿ, ಬುಡದ ಪಕ್ಕದಲ್ಲಿ ಕಾಲುವೆ ತೋಡಿ ನಿಂತ ನೀರನ್ನು ಹೊರಗೆ ಬಿಟ್ಟಳು. ಏಪ್ರಿಲ್ ಹೋಯಿತು, ಮೇ ಹೋಯಿತು, ಜೂನ್ ಹೋಯಿತು, ಏನೂ ಕಾಣಲಿಲ್ಲ. ರಾತ್ರಿಪಾಳಿ ಮುಗಿಸಿ ಬಂದ ಮುಂಜಾನೆಗಳಲ್ಲಿ ಕೈದೀಪ ಹಿಡಿದು ಸುಳಿಯ ಕುಳಿಯನ್ನು ನೋಡುವದು ಅವಳಿಗೆ ವಾಡಿಕೆಯಾಯಿತಂತೆ. ಜುಲೈ ಕಡೆಯ ವಾರದಲ್ಲಿ ಒಳಗೆ ಹಸುರಿನ ಒಂದು ಮೊನೆ ತೋರಿತು. ಸಪ್ಟಂಬರದಲ್ಲಿ ಅವಳು ಕಳುಹಿಸಿದ ಚಿತ್ರದಲ್ಲಿ ಆ ಗರಿಯು ಇಲಿ ಕಡಿದಂತೆ ಕಾಣುತ್ತಿತ್ತು. ಅದರ ಹಿಂದಿನ ಎರಡನೆಯ ಗರಿಯು ಮಾತ್ರ ಪೂರ್ಣವಾಗಿತ್ತು.

ಈ ಚಳಿಗಾಲದಲ್ಲಿ ಅವಳು ಮರಕ್ಕೆ ಹಲಿಗೆಯ ಮಾಡನ್ನೂ ಬುಡಕ್ಕೆ ತರಗೆಲೆಯನ್ನೂ ಬಿಟ್ಟು ಬೇರೇನನ್ನೂ ಹೊದಿಸಲಿಲ್ಲ. ಈ ಮಾರ್ಚಿಯಲ್ಲಿ ಬಂದ ಕಾಗದದಲ್ಲಿ ಹೀಗೆ ಬರೆದಿದ್ದಾಳೆ: "ಟೀಚರ್, ಭಯಪಡುತ್ತಲೇ ಸುಳಿಯನ್ನು ಹಿಡಿದು ಎಳೆದು ನೋಡಿದೆ. ಬರಲಿಲ್ಲ. ಇನ್ನೊಂದು ಸಲ ಸ್ವಲ್ಪ ಗಟ್ಟಿಯಾಗಿ ಎಳೆದೆ. ಆಗಲೂ ಬರಲಿಲ್ಲ."

ಚಳಿನಾಡುಗಳಲ್ಲಿರುವ ಉಳಿದ ಪೂರ್ವ ವಿದ್ಯಾರ್ಥಿನಿಯರೂ ತಮ್ಮ ತೋಟಗಳಲ್ಲಿ ಉಳಿದದ್ದನ್ನೂ ಅಳಿದದ್ದನ್ನೂ, ಎಷ್ಟು ಡಿಗ್ರಿ ಚಳಿಗೆ ಏನಾಯಿತೆಂಬದನ್ನೂ ನಮಗೆ ಬರೆದು ತಿಳಿಸುವದಾದರೆ, ಮುಂದೆ ಹೋಗುವ ತಂಗಿಯರಿಗೆ ಅದು ಬಹಳ ಸಹಾಯವಾಗುವದು.